ಹಾದಿ ಮಲ್ಲಯ್ಯನದು, ಕಾಯುವ ಕರಾರು ಎಲ್ಲರದು

ಕಾಲ್ನಡಿಗೆಯಿಂದ ಹೋಗಿ ದೇವರ ದರ್ಶನ ಪಡೆಯುವುದು ಕನ್ನಡ ನಾಡಿನ ಬಹು ಹಳೆಯ ಪದ್ಧತಿ. ಹನ್ನೆರಡನೆಯ ಶತಮಾನದಲ್ಲಿ ಶರಣೆ ಅಕ್ಕಮಹಾದೇವಿ ಕಲ್ಯಾಣವನ್ನು ಬಿಟ್ಟು ಶ್ರೀಶೈಲದ ಕದಳಿಯತ್ತ ನಡೆದಳು. ಇಂದಿಗೂ ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಸೀಮೆಯ ಭಕ್ತರು ಯುಗಾದಿ ಸಮೀಪಿಸಿತೆಂದರೆ ಹೆಗಲ ಮೇಲೆ ಕಂಬಿ ಹೊತ್ತು, ಬುತ್ತಿ ಕಟ್ಟಿಕೊಂಡು ಶ್ರೀಶೈಲದ ಹಾದಿ ಹಿಡಿಯುತ್ತಾರೆ. ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದು ಭಾವಿಸಿ ಸೀರೆ, ಬಳೆ, ಕುಪ್ಪಸ ಒಯ್ಯುವವರೂ ಉಂಟು. ತವರಿನವರು ಮಗಳ ಮನೆಗೆ ಹೊರಟ ಹಾಗೆ ಈ ನಡಿಗೆ.

ಕಳಸಾಪುರದಿಂದ ಒಂದು ತಂಡ ಹೊರಟಿದೆ ಎಂದಿಟ್ಟುಕೊಳ್ಳಿ. ಹತ್ತಾರು ಸಲ ಹೋಗಿಬಂದ ಅಜ್ಜ ಮುಂದೆ, ಮೊದಲ ಸಲ ಹೊರಟ ಮೊಮ್ಮಗ ಹಿಂದೆ. ಕಾಡಿನ ದಾರಿಯಲ್ಲಿ ಮೊಮ್ಮಗ ಕೇಳುತ್ತಾನೆ:

“ಅಜ್ಜಾ, ಈ ಹಾದಿ ಯಾರದು?”

“ಮಲ್ಲಯ್ಯಂದು ತಮ್ಮಾ.”

“ಹಂಗಾರ ಹಾದಿ ಮ್ಯಾಲಿನ ಕಸ ಯಾರದು?”

ಅಜ್ಜನ ಬಳಿ ಉತ್ತರವಿಲ್ಲ. ಯಾಕೆಂದರೆ ಹಾದಿ ದೇವರದು ಎನ್ನುವುದನ್ನು ಹಿರಿಯರು ಹೇಳಿಕೊಟ್ಟಿದ್ದಾರೆ, ಅದನ್ನು ಕಾಯುವ ಕೆಲಸ ಯಾರದು ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಈ ಪಾಠ ಮೊಮ್ಮಗನ ಆ ಎರಡನೆಯ ಪ್ರಶ್ನೆಯನ್ನು ಕುರಿತದ್ದು.

ಒಂದು ಹಾದಿ, ಹಲವು ಒಡೆಯರು

ಮನೆಯ ಹೊಸ್ತಿಲು ದಾಟಿದ ಮೇಲೆ ಯಾತ್ರಿಕನು ಎಷ್ಟು ಜನರ ನೆಲದ ಮೇಲೆ ಕಾಲಿಡುತ್ತಾನೆ ನೋಡಿರಿ. ಊರೊಳಗಿನ ಓಣಿ ಗ್ರಾಮ ಪಂಚಾಯತಿಯದು. ಗದುಗಿಗೆ ಹೋಗುವ ರಸ್ತೆ, ಮುಂದಿನ ಹೆದ್ದಾರಿ ಸರ್ಕಾರದವು. ಮಧ್ಯದಲ್ಲಿ ಅಡ್ಡಹಾದಿ ಹಿಡಿದರೆ ಅದು ಯಾರದೋ ಹೊಲದ ಬದು. ನೀರು ಕುಡಿದದ್ದು ಯಾವುದೋ ಊರಿನ ಬಾವಿಯಲ್ಲಿ, ರಾತ್ರಿ ಮಲಗಿದ್ದು ಯಾವುದೋ ಗುಡಿಯ ಪೌಳಿಯಲ್ಲಿ. ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಈ ನಡಿಗೆಯಲ್ಲಿ ರಾಜ್ಯವೇ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ. ಆಂಧ್ರಪ್ರದೇಶದ ಆತ್ಮಕೂರು ದಾಟಿ ವೆಂಕಟಾಪುರಂ ಬಿಟ್ಟ ಮೇಲೆ ಕಾಲಿಡುವುದು ಅರಣ್ಯ ಇಲಾಖೆಯ ನೆಲಕ್ಕೆ. ಕೊನೆಗೆ ಬೆಟ್ಟದ ಮೇಲೆ ದೇವಸ್ಥಾನದ ಆಡಳಿತ.

ನಡೆಯುವವನಿಗೆ ಹಾದಿ ಒಂದೇ. ಕಾಯುವವರಿಗೆ ಮಾತ್ರ ಅದು ಹತ್ತು ತುಂಡು. ಒಂದು ತುಂಡಿನಲ್ಲಿ ನೀರು ತಪ್ಪಿದರೂ ಇಡೀ ಯಾತ್ರೆ ಕೆಡುತ್ತದೆ.

ನಲ್ಲಮಲದ ನಡಿಗೆ

ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸ ದ್ವಾರ. ಇದು ಸುಮಾರು 40 ಕಿಲೋಮೀಟರಿನ ಕಾಡುದಾರಿ. ಸಾಮಾನ್ಯ ದಿನಗಳಲ್ಲಿ ಇಲ್ಲಿ ಅಂಗಡಿಯಿಲ್ಲ, ನಲ್ಲಿಯಿಲ್ಲ. ಭೀಮನಕೊಳ್ಳದ ಇಳಿಜಾರು ಮತ್ತು ಆಮೇಲಿನ ಏರು ಗಟ್ಟಿ ಕಾಲಿನವರನ್ನೂ ಕೂರಿಸಿಬಿಡುತ್ತದೆ. ಅದೂ ಯುಗಾದಿಯ ಬಿಸಿಲು.

ಈ ದಾರಿಗೆ ಆರೈಕೆ ಹೊಸದೇನಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಕೊಂಡವೀಡಿನ ರೆಡ್ಡಿ ಅರಸರ ಮೂಲಪುರುಷ ಪ್ರೋಲಯ ವೇಮಾರೆಡ್ಡಿಯು ಶ್ರೀಶೈಲಕ್ಕೂ ಅಹೋಬಿಲಕ್ಕೂ ಮೆಟ್ಟಿಲು ಕಟ್ಟಿಸಿದನು. ಆಗ ಅರಸನ ಅಪ್ಪಣೆಯೊಂದೇ ಸಾಕಿತ್ತು. ಈಗ ಕಾಲ ಹಾಗಿಲ್ಲ. ನಲ್ಲಮಲದ ಈ ಕಾಡು 1983ರಲ್ಲಿ ಹುಲಿ ಯೋಜನೆಗೆ ಸೇರಿತು. ಇದು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ. ಯಾತ್ರಿಕನು ನಡೆಯುವ ಹಾದಿಯಲ್ಲಿ ಹುಲಿಯೂ ನಡೆಯುತ್ತದೆ, ಚಿರತೆ ಕರಡಿಗಳೂ ನಡೆಯುತ್ತವೆ. ಬೇಸಿಗೆಯಲ್ಲಿ ಮನುಷ್ಯನಿಗೆ ಬೇಕಾದ ನೀರೇ ಅವುಗಳಿಗೂ ಬೇಕು.

ಹಾಗಾದರೆ ಸಾವಿರಾರು ಜನ ಹೇಗೆ ದಾಟುತ್ತಾರೆ? ಹಲವರು ಕೂಡಿ ಕೆಲಸ ಹಂಚಿಕೊಂಡಿರುವುದರಿಂದ. ಯುಗಾದಿ ಉತ್ಸವಕ್ಕೆ ಮುಂಚೆ ದೇವಸ್ಥಾನದ ಆಡಳಿತದವರು ಅರಣ್ಯ, ಪೊಲೀಸ್, ಆರೋಗ್ಯ ಮುಂತಾದ ಇಲಾಖೆಗಳನ್ನೂ ಕರ್ನಾಟಕದ ಸೇವಾ ಸಂಸ್ಥೆಗಳನ್ನೂ ಕರೆದು ಸಭೆ ನಡೆಸುತ್ತಾರೆ. ಅರಣ್ಯ ಇಲಾಖೆ ಗೊತ್ತುಪಡಿಸಿದ ದಿನಗಳಲ್ಲಿ ದಾರಿ ಬಿಡುತ್ತದೆ. ನಮ್ಮ ಕಡೆಯ ದಾಸೋಹ ಮಂಡಳಿಗಳು ಜೋಳ, ಅಕ್ಕಿ, ಬೇಳೆ, ಕಟ್ಟಿಗೆ, ಗ್ಯಾಸು, ಪಾತ್ರೆ ಸಮೇತ ಲಾರಿ ಹೊಡೆದುಕೊಂಡು ಹೋಗಿ ಪ್ರಸಾದಕ್ಕೆ ನಿಲ್ಲುತ್ತವೆ. ಕೆಲವರು ಅರವಟ್ಟಿಗೆ ಇಡುತ್ತಾರೆ, ಕೆಲವರು ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ಸೇವೆ ಮಾಡುತ್ತಾರೆ, ಕೆಲವರು ಔಷಧಿ ಹಂಚುತ್ತಾರೆ.

ಇನ್ನೊಬ್ಬ ಪಾಲುದಾರರಿದ್ದಾರೆ. ಅವರ ನೆನಪು ಬಹಳ ಮಂದಿಗೆ ಬರುವುದಿಲ್ಲ. ಅವರು ಆ ಕಾಡಿನ ಮೂಲನಿವಾಸಿಗಳಾದ ಚೆಂಚು ಜನ. ಪೆದ್ದಚೆರುವಿನಲ್ಲಿ ಅವರ ಗೂಡೆಮಿದೆ. ಚೆಂಚು ಕನ್ಯೆಯನ್ನು ಮದುವೆಯಾದ ಮಲ್ಲಯ್ಯ ತಮ್ಮ ಅಳಿಯ ಎಂದು ಅವರ ನಂಬಿಕೆ. ಕನ್ನಡದವರಿಗೂ ಅಳಿಯ, ಚೆಂಚರಿಗೂ ಅಳಿಯ. ಅಂದ ಮೇಲೆ ಯಾತ್ರಿಕರಿಗೂ ಅವರಿಗೂ ಬೀಗತನ ಬಂತಲ್ಲ! ಬೀಗರ ಅಂಗಳದಲ್ಲಿ ಎಂಜಲೆಲೆ ಚೆಲ್ಲಿ ಬರುವವರುಂಟೆ? 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ತಮ್ಮ ಸುತ್ತಲಿನ ಕಾಡಿನ ಬಗ್ಗೆ ಮಾತಾಡುವ ಅಧಿಕಾರ ಅವರ ಗ್ರಾಮಸಭೆಗೆ ಇದೆ ಎಂಬುದನ್ನೂ ಮರೆಯಬಾರದು.

ಬಾಯಿಮಾತು ಎಲ್ಲಿ ಸಾಲದು

“ಹತ್ತು ಜನರ ಕಡ್ಡಿ ಒಬ್ಬನ ಹೊರೆ” ಎಂಬುದೊಂದು ಗಾದೆ. “ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ” ಎಂಬುದು ಇನ್ನೊಂದು. ಎರಡೂ ನಿಜ. ಯಾರ ಕೈಯಲ್ಲಿ ಯಾವ ಕಡ್ಡಿ ಎಂದು ಗೊತ್ತಿದ್ದರೆ ಹೊರೆ ಆಗುತ್ತದೆ. ಗೊತ್ತಿಲ್ಲದಿದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಾರೆ, ಹಾವು ಹುತ್ತ ಸೇರುತ್ತದೆ.

ಬಾಯಿಮಾತಿನಲ್ಲಿ ನಡೆಯುವ ಸೇವೆ ಮೂರು ಕಡೆ ಮುರಿಯುತ್ತದೆ. ಒಂದು, ಒಪ್ಪಿಕೊಂಡ ಅಧಿಕಾರಿ ವರ್ಗವಾಗಿ ಹೋಗುತ್ತಾನೆ. ಹೊಸಬ ಬಂದು “ನಿಮಗ ಪರ್ಮಿಶನ್ ಯಾರು ಕೊಟ್ಟಾರ?” ಅಂತ ಕೇಳುತ್ತಾನೆ. ಅವನದೇನೂ ತಪ್ಪಲ್ಲ, ಅವನ ಫೈಲಿನಲ್ಲಿ ಕಾಗದವೇ ಇಲ್ಲ. ಎರಡು, ಮಂಡಳಿಯ ಹಿರಿಯರು ತೀರಿಕೊಳ್ಳುತ್ತಾರೆ. ಯಾವ ಊರಲ್ಲಿ ಯಾರ ಬಾವಿಗೆ ಹೇಳಿಟ್ಟಿದ್ದರು ಎಂಬುದು ಅವರ ಜೊತೆಗೇ ಹೋಗುತ್ತದೆ. ಮೂರು, ಸುಲಭದ ಸೇವೆಗೆ ಎಲ್ಲರೂ ಮುಂದೆ, ಕಷ್ಟದ್ದಕ್ಕೆ ಯಾರೂ ಇಲ್ಲ. ಹೋಳಿಗೆ ಬಡಿಸಲು ಹತ್ತು ಮಂಡಳಿ ನಿಲ್ಲುತ್ತವೆ. ಹಬ್ಬ ಮುಗಿದ ಮರುದಿನ ತಟ್ಟೆ ಲೋಟ ಆರಿಸಲು ಎಷ್ಟು ಮಂದಿ ಉಳಿಯುತ್ತಾರೆ? ಜಿಂಕೆ ಪ್ಲಾಸ್ಟಿಕ್ ತಿಂದು ಸತ್ತರೆ ಆ ಪಾಪ ಅನ್ನ ಹಾಕಿದವರ ಪುಣ್ಯದಲ್ಲಿ ಕಳೆಯುವುದಿಲ್ಲವೆ?

ಪಾಲುದಾರಿಕೆ ಕರಾರು ಎಂದರೇನು

ಪಾಲುದಾರಿಕೆ ಎಂದಕೂಡಲೇ ಅಡತಿ ಅಂಗಡಿಯ ಪಾಲು ನೆನಪಾಗಬಹುದು. 1932ರ ಪಾಲುದಾರಿಕೆ ಕಾಯ್ದೆ ಹೇಳುವುದು ಲಾಭ ಹಂಚಿಕೊಳ್ಳುವ ವ್ಯಾಪಾರದ ಮಾತು. ಇಲ್ಲಿ ಲಾಭವಿಲ್ಲ, ಹಂಚಿಕೊಳ್ಳುವುದು ಕೆಲಸವನ್ನು. ಇಂತಹದ್ದಕ್ಕೆ ಒಡಂಬಡಿಕೆ ಪತ್ರ ಎನ್ನುತ್ತಾರೆ. ನೆಲದ ಒಡೆತನ ಯಾರದೋ ಅವರದೇ ಇರುತ್ತದೆ. ಆ ನೆಲದ ಮೇಲೆ ಯಾರು, ಯಾವಾಗ, ಯಾವ ಕೆಲಸ ಮಾಡಬೇಕು ಎಂಬುದನ್ನು ಮಾತ್ರ ಎಲ್ಲರೂ ಕೂತು ಬರೆದು ಸಹಿ ಮಾಡುತ್ತಾರೆ.

ಇಲ್ಲಿ ಎರಡು ನಿಯಮ ನೆನಪಿಡಬೇಕು. ಮೊದಲನೆಯದು, ತನ್ನದಲ್ಲದ್ದನ್ನು ಯಾರೂ ಬರೆದುಕೊಡಲಾಗದು. ಅರಣ್ಯ ಇಲಾಖೆಯ ಪತ್ರದಿಂದ ರೈತನ ಹೊಲದಲ್ಲಿ ನಡೆಯುವ ಹಕ್ಕು ಬರುವುದಿಲ್ಲ. ದಾಸೋಹ ಮಂಡಳಿಯವರು ಚೆಂಚು ಗೂಡೆಮಿನ ಪರವಾಗಿ ಸಹಿ ಹಾಕುವಂತಿಲ್ಲ. ಎರಡನೆಯದು, ಸಹಿ ಹಾಕುವ ಮಂಡಳಿಗೆ ಕಾನೂನಿನಲ್ಲಿ ಹೆಸರಿರಬೇಕು. ನಾಲ್ಕು ಹುಡುಗರು ಬ್ಯಾನರ್ ಕಟ್ಟಿದ ಮಾತ್ರಕ್ಕೆ ಸಂಘವಾಗದು. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದರೆ ಆಡಳಿತ ಮಂಡಳಿ, ಲೆಕ್ಕಪತ್ರ, ವಾರ್ಷಿಕ ಸಭೆ ಎಲ್ಲವೂ ಕ್ರಮಕ್ಕೆ ಬರುತ್ತವೆ. ಅಧ್ಯಕ್ಷರು ಬದಲಾದರೂ ಸಂಘ ಬದಲಾಗದು, ಕೊಟ್ಟ ಮಾತು ಸಂಘದ ಮೇಲೆ ಉಳಿಯುತ್ತದೆ.

ಕಡಲಾಚೆಯ ಒಂದು ಉದಾಹರಣೆ

ಅಮೆರಿಕೆಯ ಪೂರ್ವ ಭಾಗದಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿ ಇದೆ. ಜಾರ್ಜಿಯಾದಿಂದ ಮೇನ್ ತನಕ 14 ರಾಜ್ಯಗಳಲ್ಲಿ ಗುಡ್ಡದ ನೆತ್ತಿಯ ಮೇಲೆ ಸುಮಾರು 3,500 ಕಿಲೋಮೀಟರು. ಅದು ತೀರ್ಥಯಾತ್ರೆಯ ಹಾದಿಯಲ್ಲ, ಆದರೆ ಅದನ್ನು ಕಾಯುವ ರೀತಿ ಯಾತ್ರಿಕರು ತಿಳಿಯುವಂಥದ್ದು.

1921ರಲ್ಲಿ ಬೆಂಟನ್ ಮೆಕಾಯ್ ಎಂಬಾತ ಇಂಥದೊಂದು ದಾರಿ ಬೇಕೆಂದು ಲೇಖನ ಬರೆದ. 1925ರಲ್ಲಿ ನಡೆಯುವವರ ಸಂಘಗಳು ಕೂಡಿ ಒಂದು ಒಕ್ಕೂಟ ಕಟ್ಟಿದವು. 1937ರ ಹೊತ್ತಿಗೆ ದಾರಿ ಪೂರ್ತಿಯಾಯಿತು. ಮರುವರ್ಷ, 1938ರಲ್ಲಿ, ಉದ್ಯಾನ ಇಲಾಖೆ ಮತ್ತು ಅರಣ್ಯ ಇಲಾಖೆ ಒಂದು ಕರಾರು ಮಾಡಿಕೊಂಡವು. ಕೇಂದ್ರ ಸರ್ಕಾರದ ನೆಲದಲ್ಲಿ ಕಾಲುದಾರಿಯ ಎರಡೂ ಬದಿಗೆ ಒಂದೊಂದು ಮೈಲಿನೊಳಗೆ ಅದಕ್ಕೆ ಸಮನಾಗಿ ಹೊಸ ಮೋಟಾರು ರಸ್ತೆ ಮಾಡುವುದಿಲ್ಲ ಎಂಬುದು ಅದರಲ್ಲಿನ ಮಾತು.

ಆದರೆ ಖಾಸಗಿ ನೆಲದಲ್ಲಿ ಬಾಯಿಮಾತೇ ನಡೆದಿತ್ತು. ಕೈಕುಲುಕಿ “ಹೋಗಿರಪ್ಪಾ” ಅಂದ ಒಡೆಯ ನೆಲ ಮಾರಿದ, ಕೊಂಡವನು ಬೇಲಿ ಹಾಕಿದ. ಕಾಲುದಾರಿಯ ಎಷ್ಟೋ ತುಂಡುಗಳು ಗುಡ್ಡ ಬಿಟ್ಟು ಡಾಂಬರು ರಸ್ತೆಗೆ ಇಳಿದವು. ಕೊನೆಗೆ 1968ರಲ್ಲಿ ರಾಷ್ಟ್ರೀಯ ಕಾಲುದಾರಿಗಳ ಕಾಯ್ದೆ ಬಂತು. ಭೂಮಾಲೀಕರು, ರಾಜ್ಯಗಳು, ಖಾಸಗಿ ಸಂಘಗಳ ಜೊತೆ ಸರ್ಕಾರವು ಲಿಖಿತ ಸಹಕಾರ ಒಪ್ಪಂದ ಮಾಡಿಕೊಳ್ಳಲು ಅದು ಅವಕಾಶ ಕೊಟ್ಟಿತು. 1984ರಲ್ಲಿ ಉದ್ಯಾನ ಇಲಾಖೆ ತಾನು ದಾರಿಗಾಗಿ ಕೊಂಡ ನೆಲದ ದಿನನಿತ್ಯದ ನಿರ್ವಹಣೆಯನ್ನೇ ಒಕ್ಕೂಟಕ್ಕೆ ಬರೆದುಕೊಟ್ಟಿತು. ಒಡೆತನ ಸರ್ಕಾರದ್ದೇ ಉಳಿಯಿತು, ದುಡಿಮೆ ಸಂಘಗಳ ಪಾಲಿಗೆ ಬಂತು.

ಇಂದು ಸುಮಾರು 30 ಸಂಘಗಳು ಆ ದಾರಿಯನ್ನು ಪಾಲು ಹಾಕಿಕೊಂಡಿವೆ. ಇಲ್ಲಿಂದ ಇಲ್ಲಿಯವರೆಗೆ ನಿಮ್ಮದು ಎಂದು ಗೆರೆ ಹಾಕಿದ ಹಾಗೆ. ಬಿದ್ದ ಮರ ಕಡಿಯುವುದು, ಮಳೆನೀರು ದಾರಿ ಕೊರೆಯದಂತೆ ಕಾಲುವೆ ತೆಗೆಯುವುದು, ತಂಗುವ ಮನೆ ದುರಸ್ತಿ, ಮರಗಳ ಮೇಲೆ ಗೇಣುದ್ದದ ಬಿಳಿ ಪಟ್ಟಿ ಬಳಿಯುವುದು ಆ ಸಂಘದ ಹೊಣೆ. ಸ್ವಯಂಸೇವಕನು ಒಪ್ಪಿದ ಕೆಲಸದಲ್ಲಿರುವಾಗ ಗಾಯಗೊಂಡರೆ ಸರ್ಕಾರಿ ನೌಕರನಿಗೆ ಸಿಗುವಂತೆ ಪರಿಹಾರ ಸಿಗುತ್ತದೆ. ಸೇವೆಗೆ ಬಂದವನ ಕೈ ಮುರಿದರೆ ಅವನ ಮನೆಯವರು ಬೀದಿಗೆ ಬೀಳಬಾರದು ಎಂಬ ಎಚ್ಚರ ಅದು.

ನಮ್ಮ ಕಪ್ಪತಗುಡ್ಡ

ದೂರದ ಮಾತು ಸಾಕು. ಕಳಸಾಪುರದ ಮಂದಿಗೆ ಹತ್ತಿರದ ಮಲ್ಲಯ್ಯ ಕಪ್ಪತಗುಡ್ಡದ ಮಲ್ಲಯ್ಯ. ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರ ತನಕ ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಈ ಗುಡ್ಡ ಹಬ್ಬಿದೆ. ಔಷಧಿ ಗಿಡಗಳಿಗೆ ಹೆಸರಾದ ಇದರ ಹೊಟ್ಟೆಯಲ್ಲಿ ಕಬ್ಬಿಣದ ಅದಿರೂ ಇದೆ, ಚಿನ್ನವೂ ಇದೆ. ಅದೇ ಇದಕ್ಕೆ ಕಂಟಕ.

ಕಾಗದದ ಬೆಲೆ ಏನು ಎಂಬುದನ್ನು ಈ ಗುಡ್ಡವೇ ಕಲಿಸಿದೆ. 2015ರ ಡಿಸೆಂಬರಿನಲ್ಲಿ ಸರ್ಕಾರ ಸುಮಾರು 17,872 ಹೆಕ್ಟೇರನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿತು. 2016ರ ನವೆಂಬರಿನಲ್ಲಿ ಆ ಆದೇಶವನ್ನೇ ಹಿಂದಕ್ಕೆ ಪಡೆಯಿತು. ಗುಡ್ಡ ಇದ್ದಲ್ಲೇ ಇತ್ತು, ಕಾಗದ ಮಾತ್ರ ಹೋಗಿತ್ತು. ಅಷ್ಟಕ್ಕೇ ಜಿಲ್ಲೆಯೆಲ್ಲ ನಿದ್ದೆಗೆಟ್ಟಿತು. ಗದಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ರೈತರು, ವಿದ್ಯಾರ್ಥಿಗಳು, ಪರಿಸರಪ್ರಿಯರು ಧರಣಿ ಕೂತರು. 2017ರ ಏಪ್ರಿಲಿನಲ್ಲಿ ಸಂರಕ್ಷಿತ ಸ್ಥಾನ ಮರಳಿ ಬಂತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಸ್ವಾಮಿಗಳು 2018ರಲ್ಲೇ ಲಿಂಗೈಕ್ಯರಾಗಿದ್ದರು, ಆ ದಿನ ನೋಡಲು ಇರಲಿಲ್ಲ.

ಗುಡ್ಡ ಉಳಿಯಿತು, ಒಳ್ಳೆಯದೇ ಆಯಿತು. ಈಗ ಗುಡ್ಡದ ಮೇಲೆ ನಡೆಯುವ ಭಕ್ತರು ತಿಳಿಯಬೇಕಾದ ಮಾತೊಂದಿದೆ. ವನ್ಯಜೀವಿಧಾಮದಲ್ಲಿ ಮನಬಂದಂತೆ ಪ್ರವೇಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಕಲಮು ಯಾರು ಒಳಗಿರಬಹುದು ಎಂದು ಹೇಳುತ್ತದೆ. ಒಳಗೆ ಆಸ್ತಿಯ ಹಕ್ಕು ಇರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಹೀಗೆ. 28ನೆಯ ಕಲಮಿನಲ್ಲಿ ಅನುಮತಿ ಕೊಡಬಹುದಾದ ಕಾರಣಗಳಿವೆ: ವನ್ಯಜೀವಿ ಅಧ್ಯಯನ, ಛಾಯಾಚಿತ್ರ, ಸಂಶೋಧನೆ, ಪ್ರವಾಸ, ಒಳಗಿನ ನಿವಾಸಿಗಳೊಡನೆ ವ್ಯವಹಾರ. ಆ ಪಟ್ಟಿಯಲ್ಲಿ ಪಾದಯಾತ್ರೆ ಎಂಬ ಶಬ್ದವಿಲ್ಲ. ಹಳೆಯ ಹಕ್ಕುಗಳನ್ನು ವಿಚಾರಿಸಿ ಮುಂದುವರಿಸಲು 24ನೆಯ ಕಲಮಿನಲ್ಲಿ ದಾರಿಯಿದೆ, ಆದರೆ ಅದಕ್ಕೆ ಕೇಳುವವರು ಬೇಕು, ಬರೆದ ಆಧಾರ ಬೇಕು. “ನಮ್ಮ ಮುತ್ತ್ಯಾನ ಕಾಲದಿಂದ ನಡ್ಕೊಂತ ಬಂದೇವಿ” ಎಂಬ ಮಾತು ಖರೆ ಇದ್ದರೂ ಅದೊಂದೇ ಸಾಲದು.

ಇನ್ನೊಂದು ಸೂಕ್ಷ್ಮವಿದೆ. ಸಂರಕ್ಷಿತ ಮೀಸಲು ಪ್ರದೇಶವಿದ್ದಾಗ ಅದರ ನಿರ್ವಹಣಾ ಸಮಿತಿಯಲ್ಲಿ ವ್ಯಾಪ್ತಿಯ ಪ್ರತಿಯೊಂದು ಗ್ರಾಮ ಪಂಚಾಯತಿಗೂ ಒಬ್ಬ ಪ್ರತಿನಿಧಿ ಇರಬೇಕು ಎನ್ನುತ್ತದೆ ಕಾಯ್ದೆ. ವನ್ಯಜೀವಿಧಾಮದ ಸಲಹಾ ಸಮಿತಿಯಲ್ಲಿ ಎಲ್ಲ ಪಂಚಾಯತ್ ಸಂಸ್ಥೆಗಳಿಗೂ ಸೇರಿ ಮೂವರೇ. ಕೂರುವ ಕುರ್ಚಿ ಕಡಿಮೆಯಾದಾಗ ಬರೆದ ಕರಾರಿನ ಅಗತ್ಯ ಹೆಚ್ಚುತ್ತದೆ. ಗುಡ್ಡದ ಸುತ್ತಲಿನ ಊರುಗಳು, ಮಠ ಮಂದಿರಗಳು, ಯುವಕ ಸಂಘಗಳು ಒಂದಾಗಿ “ಈ ದಾರಿಯನ್ನು ನಾವು ಹೀಗೆ ಕಾಯುತ್ತೇವೆ, ಇಂತಿಷ್ಟು ದಿನ ಭಕ್ತರಿಗೆ ದಾರಿ ಕೊಡಿರಿ” ಎಂದು ಬರೆದುಕೊಂಡು ಹೋದರೆ ಇಲಾಖೆಗೂ ಕೆಲಸ ಹಗುರ. ಬರಿಗೈಲಿ ಹೋಗಿ ಜಗಳ ಕಾದರೆ ದಾರಿಯೂ ಹೋದೀತು, ಗುಡ್ಡವೂ ಕೆಟ್ಟೀತು.

ಕರಾರಿನಲ್ಲಿ ಇರಬೇಕಾದ ಮಾತುಗಳು

1. ಮೇರೆ: ದಾರಿ ಎಲ್ಲಿಂದ ಎಲ್ಲಿಗೆ, ಯಾವ ತುಂಡು ಯಾರದು. ಬದಲಾಗದ ಗುರುತು ಹೇಳಬೇಕು. ಹಳ್ಳ, ಬಂಡೆ, ಗುಡಿ, ಕಲ್ಲು. “ಆ ದೊಡ್ಡ ಮರದ ಹತ್ತಿರ” ಎಂದರೆ ಮರ ಬಿದ್ದ ಮೇಲೆ ಏನು ಮಾಡೋದು?

2. ಸಹಿ: ಮನುಷ್ಯನ ಹೆಸರಿನಿಂದಲ್ಲ, ಹುದ್ದೆಯಿಂದ. ಅಧಿಕಾರಿ ಹೋದರೂ ಹುದ್ದೆ ಇರುತ್ತದೆ.

3. ನೀರು: ಯಾವ ಯಾವ ಜಾಗದಲ್ಲಿ ಅರವಟ್ಟಿಗೆ, ನೀರು ಎಲ್ಲಿಂದ ತರುವುದು. ಕಾಡುಪ್ರಾಣಿಗಳು ಕುಡಿಯುವ ಹೊಂಡದಿಂದ ಎತ್ತುವುದಿಲ್ಲ ಎಂಬ ಮಾತು ಸೇರಿರಬೇಕು.

4. ಬೆಂಕಿ: ಒಲೆ ಎಲ್ಲಿ ಹೂಡಬಹುದು, ಆರಿಸುವವರು ಯಾರು, ಕಾಡಿನ ಕಟ್ಟಿಗೆ ಮುಟ್ಟದೆ ಉರುವಲು ಎಲ್ಲಿಂದ. ಕಪ್ಪತಗುಡ್ಡದಲ್ಲಿ ಬೇಸಿಗೆಯ ಒಣಹುಲ್ಲು ಸೇದಿ ಎಸೆದ ಬೀಡಿಯ ತುಂಡಿಗೂ ಹತ್ತಿಕೊಳ್ಳುತ್ತದೆ. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಅಪರಾಧ.

5. ಕಸ: ಯಾರು ತೆಗೆಯಬೇಕು, ಹಬ್ಬ ಮುಗಿದ ಎಷ್ಟು ದಿನದೊಳಗೆ, ತೆಗೆದದ್ದನ್ನು ಎಲ್ಲಿಗೆ ಸಾಗಿಸಬೇಕು. ಪೆಂಡಾಲಿನ ಗೂಟ, ತಂತಿ, ಮೊಳೆ ಎಲ್ಲ ಸೇರಿ.

6. ಅವಘಡ: ಬಿಸಿಲಿಗೆ ಬಿದ್ದವರು, ಕಾಲು ಮುರಿದವರು, ದಾರಿ ತಪ್ಪಿದವರು. ಯಾರಿಗೆ ತಿಳಿಸಬೇಕು, ವಾಹನ ಎಲ್ಲಿ ನಿಂತಿರಬೇಕು, ಖರ್ಚು ಯಾರದು.

7. ಹಣ: ಭಕ್ತರ ಕಾಣಿಕೆಗೆ ಬೇರೆ ಖಾತೆ. ವರ್ಷಕ್ಕೊಮ್ಮೆ ಊರ ಮುಂದೆ ಲೆಕ್ಕ ಓದುವುದು.

8. ಅವಧಿ: ಎಷ್ಟು ವರ್ಷಕ್ಕೆ ಈ ಕರಾರು, ಯಾವಾಗ ಕೂತು ತಿದ್ದುವುದು, ತಕರಾರು ಬಂದರೆ ಯಾರ ಮುಂದೆ, ಒಬ್ಬರು ಬಿಟ್ಟು ಹೋಗಬೇಕೆಂದರೆ ಎಷ್ಟು ದಿನ ಮೊದಲು ತಿಳಿಸಬೇಕು.

ಇಷ್ಟನ್ನು ನಾಲ್ಕು ಪುಟದಲ್ಲಿ, ಓದಲು ಬರುವ ಕನ್ನಡದಲ್ಲಿ ಬರೆದರೆ ಸಾಕು. ದಾರಿ ರಾಜ್ಯದ ಗಡಿ ದಾಟುವುದಾದರೆ ತೆಲುಗಿನ ಪ್ರತಿಯೂ ಜೊತೆಗಿರಲಿ. ಚೆಂಚು ಹಿರಿಯನಿಗೆ ಓದಿ ಹೇಳಲಾಗದ ಕಾಗದಕ್ಕೆ ಅವನ ಒಪ್ಪಿಗೆ ಇದೆ ಎನ್ನುವುದು ನ್ಯಾಯವಲ್ಲ.

ಯಾತ್ರಿಕನ ಪಾಲು

ಕರಾರಿಗೆ ಸಹಿ ಹಾಕುವವರು ನಾಲ್ಕಾರು ಮಂದಿ. ಅದನ್ನು ಉಳಿಸುವವರು ಸಾವಿರಾರು ನಡೆಯುವವರು. ಬಿಟ್ಟ ದಿನ ಬಿಟ್ಟು ಬೇರೆ ದಿನ ಕಾಡಿಗಿಳಿಯದಿರುವುದು, ಗೊತ್ತು ಮಾಡಿದ ದಾರಿ ಬಿಟ್ಟು ಅಡ್ಡ ಹೋಗದಿರುವುದು, ಸ್ಪೀಕರು ಹಚ್ಚದಿರುವುದು, ಒಯ್ದದ್ದನ್ನು ತಿರುಗಿ ತರುವುದು. ಸ್ಟೀಲಿನ ಒಂದು ಲೋಟ, ಒಂದು ತಾಟು ಜೋಳಿಗೆಯಲ್ಲಿದ್ದರೆ ಅರ್ಧ ಕಸ ಅಲ್ಲಿಗೇ ಕಡಿಮೆ. ಶರಣರು ಕಾಯಕಕ್ಕೂ ದಾಸೋಹಕ್ಕೂ ಸಮಾನ ಸ್ಥಾನ ಕೊಟ್ಟರು. ಅನ್ನ ನೀಡುವುದು ದಾಸೋಹವಾದರೆ ಎಲೆ ಎತ್ತುವುದೂ ದಾಸೋಹವೇ.

ಮುಂದಿನ ವರ್ಷ ಅದೇ ಅಜ್ಜ, ಅದೇ ಮೊಮ್ಮಗ ಹೊರಟರು ಎಂದಿಟ್ಟುಕೊಳ್ಳಿ. ಈ ಸಲ ಕಳಸಾಪುರದ ಮಂಡಳಿ ನೋಂದಣಿಯಾಗಿದೆ, ದಾರಿಯ ಒಂದು ತುಂಡು ಬರೆಸಿಕೊಂಡಿದೆ. ಮೊಮ್ಮಗನ ಹೆಗಲಲ್ಲಿ ಖಾಲಿ ಗೋಣಿಚೀಲ.

“ಅಜ್ಜಾ, ನಮ್ಮ ಪಾಲಿನ ಹಾದಿ ಎಲ್ಲಿಂದ?”

“ಈ ಹಳ್ಳದಿಂದ ತಮ್ಮಾ, ಆ ಗುಡಿ ತನಕ. ಚೀಲ ಬಿಚ್ಚು.”